ಬಿಟಿ ಪುಡಿ: ಎಲೆ ತಿನ್ನುವ ಹುಳುವಿಗೆ 5ಕ್ಕೆ 4, ಉಳಿದ ಕೀಟಗಳಿಗೆ ಸೊನ್ನೆ

ಬ್ಯಾಸಿಲಸ್ ಥುರಿಂಜೆನ್ಸಿಸ್ (ಬಿಟಿ) ಕುರ್‌ಸ್ಟಾಕಿ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತಯಾರಾಗುವ ಈ ಪುಡಿಯ ಮೇಲೆ ‘ಹೊಡೆದರೂ ಹುಳು ಸಾಯಲಿಲ್ಲ’ ಎಂಬ ದೂರು ಸಾಮಾನ್ಯ. ಹೆಚ್ಚಿನ ಸಲ ತಪ್ಪಿರುವುದು ಹೊಡೆದ ಹೊತ್ತು, ಇಲ್ಲವೇ ಹುಳುವಿನ ವಯಸ್ಸು.

ಇದು ಮೈಗೆ ತಾಗಿ ಕೊಲ್ಲುವ ವಿಷವಲ್ಲ, ಹುಳು, ಅಂದರೆ ಚಿಟ್ಟೆ-ಪತಂಗಗಳ ಮರಿ, ತಿನ್ನಲೇಬೇಕು. ಬೀಜಾಣು ಕಟ್ಟುವಾಗ ಈ ಬ್ಯಾಕ್ಟೀರಿಯಾ ಒಂದು ಪ್ರೋಟೀನನ್ನು ಹರಳಾಗಿಸಿ ಇಟ್ಟುಕೊಳ್ಳುತ್ತದೆ. ಹುಳುವಿನ ಕರುಳು ಬಲು ಕ್ಷಾರೀಯ, ಪಿಎಚ್ 9 ದಾಟಿರುತ್ತದೆ. ಅಲ್ಲಿ ಹರಳು ಕರಗುತ್ತದೆ, ಕಿಣ್ವಗಳು ಪ್ರೋಟೀನನ್ನು ಕತ್ತರಿಸಿ ಚುರುಕಾಗಿಸುತ್ತವೆ, ಅದು ಕರುಳಿನ ಜೀವಕೋಶಗಳಿಗೆ ಅಂಟಿ ತೂತು ಕೊರೆಯುತ್ತದೆ. ಕೆಲವೇ ಗಂಟೆಗಳಲ್ಲಿ ಹುಳು ಮೇಯುವುದನ್ನು ಬಿಡುತ್ತದೆ. ಸಾಯುವುದಕ್ಕೆ 2–3 ದಿನ ಬೇಕು. ಮರುದಿನ ಜೀವಂತ ಹುಳು ಕಂಡಿತೆಂದು ಬೇರೆ ವಿಷ ಹೊಡೆಯಬೇಡಿ. ಎಲೆಯಲ್ಲಿ ಹೊಸ ತೂತು, ಹಸಿ ಹಿಕ್ಕೆ ಇಲ್ಲದಿದ್ದರೆ ಪುಡಿ ಕೆಲಸ ಮಾಡುತ್ತಿದೆ. ಸಸ್ಯಹೇನು, ಬಿಳಿನೊಣಗಳು ರಸ ಹೀರುತ್ತವೆಯೇ ಹೊರತು ಎಲೆ ತಿನ್ನುವುದಿಲ್ಲ, ಹಾಗಾಗಿ ಅವಕ್ಕೆ ಇದು ತಟ್ಟದು. ಜೇನ್ನೊಣಕ್ಕೂ ಅಪಾಯವಿಲ್ಲ, ಈ ಗುಣಕ್ಕಾಗಿಯೇ ಇದನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬೇಕು.

ಲೀಟರ್ ನೀರಿಗೆ 1–2 ಗ್ರಾಂ ಸಾಮಾನ್ಯ ಅಳತೆ, ಪೊಟ್ಟಣದ ಮೇಲಿನದೇ ಅಂತಿಮ. ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಪೂರ್ತಿ ನೀರಿಗೆ ಸೇರಿಸಿ. ನೀರಿನ ಪಿಎಚ್ 8 ದಾಟಿದ್ದರೆ ಹರಳು ಡ್ರಮ್ಮಿನಲ್ಲೇ ಹಾಳಾಗತೊಡಗುತ್ತದೆ. ಹಾಗಾಗಿ ಸುಣ್ಣವಿರುವ ಬೋರ್ಡೋ ಶಿಲೀಂಧ್ರನಾಶಕ ದ್ರಾವಣದ ಜೊತೆ ಬೆರೆಸಬಾರದು. ಕಲಸಿದ್ದನ್ನು ಅಂದೇ ಮುಗಿಸಿ.

ಸಂಜೆಯೇ ಹೊಡೆಯಿರಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ಪ್ರೋಟೀನ್ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಒಂದು ಅಂಕ ಕಡಿದದ್ದು ಇದಕ್ಕೇ. ಅಂಟು ದ್ರಾವಣ ಸೇರಿಸಿ, ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ, 5–7 ದಿನಕ್ಕೆ ಮತ್ತೊಮ್ಮೆ ಹೊಡೆಯಿರಿ. ಮೊಟ್ಟೆಯೊಡೆದು ಬಂದ ಎಳೆ ಹುಳುಗಳಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಬಲಿತ ಹುಳು, ಕಾಯಿಯೊಳಗೆ ಕೊರೆದು ಹೊಕ್ಕ ಹುಳು ಕೈಗೆ ಸಿಗುವುದಿಲ್ಲ.

ಎಲೆಕೋಸಿನ ವಜ್ರಬೆನ್ನಿನ ಪತಂಗ ಹೊಲದಲ್ಲೇ ಇದಕ್ಕೆ ನಿರೋಧಕತೆ ಬೆಳೆಸಿಕೊಂಡಿದ್ದಿದೆ. ಅಲ್ಲಿ ಬೇರೆ ಬಗೆಯ ಕೀಟನಾಶಕದೊಂದಿಗೆ ಸರದಿಯಲ್ಲಿ ಬಳಸಿ.

ಹಿಪ್ಪುನೇರಳೆ ತೋಟದ ಹತ್ತಿರ ಮಾತ್ರ ಖಂಡಿತ ಬೇಡ. 1901ರಲ್ಲಿ ಜಪಾನಿನಲ್ಲಿ ಈ ಜಾತಿಯ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ ರೇಷ್ಮೆ ಹುಳುಗಳ ಸಾವಿನ ಕಾರಣ ಹುಡುಕುವಾಗ.