ಕೆಂಪು ಬಳ್ಳಿ ಗುಲಾಬಿ: ಗಿರಿನಗರದ ಗೋಡೆಗೆ ಒಂದು, ಮಲ್ಪೆಯ ಅಂಗಳಕ್ಕೆ ಇನ್ನೊಂದು

ಬಣ್ಣ ಕೆಂಪಿರಬೇಕು, ಬಳ್ಳಿಯಾಗಿ ಹಬ್ಬಬೇಕು, ಪರಿಮಳವೂ ಇರಬೇಕು. ಈ ಮೂರೂ ಒಂದೇ ಗುಲಾಬಿಯಲ್ಲಿ ಸಿಗುವುದು ಕಷ್ಟ. ಬ್ಲೇಜ್ ಅಂತ ಒಂದು ತಳಿ ಇದೆ, 1932ರದ್ದು. ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ, ಕಣ್ಣಿಗೆ ಹಬ್ಬ. ಆದರೆ ಮೂಗಿಟ್ಟು ನೋಡಿದರೆ ಹೆಚ್ಚೇನೂ ಸಿಗಲ್ಲ. ನರ್ಸರಿಯಲ್ಲಿ ಹೆಸರಿಲ್ಲದೆ ಸುಮ್ನೆ 'ರೆಡ್ ಕ್ಲೈಂಬರ್' ಅಂತ ಕೊಡುವ ಗಿಡಗಳಲ್ಲೂ ನನಗೆ ಪರಿಮಳ ಸಿಕ್ಕಿದ್ದು ಅಪರೂಪ. ಹಾಗಾಗಿ ಹೆಸರು ಕೇಳಿ, ಹುಡುಕಿ, ಮೂರು ತಳಿ ತಂದೆ: ಡಾನ್ ಜುವಾನ್, ಕ್ಲೈಂಬಿಂಗ್ ಕ್ರಿಮ್ಸನ್ ಗ್ಲೋರಿ, ಗ್ರುಸ್ ಆನ್ ಟೆಪ್ಲಿಟ್ಸ್. ಮೂರನ್ನೂ ಎರಡು ಕಡೆ ಬೆಳೆಸಿದೆ. ಒಂದು ಬೆಂಗಳೂರಿನ ಗಿರಿನಗರದ ನಮ್ಮ ಮನೆ, ಇನ್ನೊಂದು ಉಡುಪಿ ಕಡೆಯ ಮಲ್ಪೆ ಹತ್ತಿರದ ಅಕ್ಕನ ಮನೆ. ಅಕ್ಕನದು ಕಡಲಿಗೆ ಹತ್ತಿರದ ಚಿಕ್ಕ ಅಂಗಳ, ಮರಳು ಮಣ್ಣು.

ಎರಡು ಊರಿಗೂ ಅಜಗಜಾಂತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ವರ್ಷದ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಉಡುಪಿ ಕಡೆ ಅದರ ನಾಲ್ಕು ಪಟ್ಟು ಸುರಿಯುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇದರ ಜೊತೆಗೆ ಉಪ್ಪಿನ ಗಾಳಿ ಬೇರೆ. ಭಾವ ಮೊದಲೇ ಹೇಳಿದ್ದರು, "ಇಲ್ಲಿಗೆ ಮಲ್ಲಿಗೆಯೇ ಸರಿ, ಗುಲಾಬಿ ಯಾಕೆ ಮಾರಾಯ್ತಿ?" ಅಂತ. ಶಂಕರಪುರದ ಮಲ್ಲಿಗೆ ಅಷ್ಟು ಹತ್ತಿರ ಇರುವಾಗ ಆ ಮಾತು ಸಹಜ. ಆದರೆ ಅಕ್ಕನಿಗೆ ಗುಲಾಬಿಯೇ ಬೇಕಿತ್ತು.

ಪರಿಮಳದಲ್ಲಿ ನನ್ನ ಓಟು ಕ್ರಿಮ್ಸನ್ ಗ್ಲೋರಿಗೆ. ಜರ್ಮನಿಯ ಕೊರ್ಡೆಸ್ 1935ರಲ್ಲಿ ಬಿಡುಗಡೆ ಮಾಡಿದ ಪೊದೆ ಗುಲಾಬಿ ಇದು. ಬಳ್ಳಿಯ ರೂಪ ಆಮೇಲೆ ಅದೇ ಗಿಡದಲ್ಲಿ ತಾನಾಗಿ ಹುಟ್ಟಿಕೊಂಡಿದ್ದು. ಕಡುಗೆಂಪು, ಮಖಮಲ್ಲಿನಂಥ ಎಸಳು. ವಾಸನೆ ನಮ್ಮ ಪನ್ನೀರು ಗುಲಾಬಿಯ ಕಡೆಗೇ ವಾಲುತ್ತದೆ, ಆದರೆ ಇನ್ನೂ ಗಾಢ. ಬೆಳಗ್ಗೆ ಬಿಸಿಲು ಏರುವ ಮುಂಚೆ ಒಂದೇ ಹೂ ಸಾಕು, ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ. ಇದರ ತೊಟ್ಟು ಬಲ ಸಾಲದು, ಹೂ ತಲೆ ತಗ್ಗಿಸುತ್ತದೆ ಅನ್ನುವುದು ಹಳೆಯ ದೂರು. ಪೊದೆ ಗಿಡದಲ್ಲಿ ಅದು ದೋಷವೇ ಇರಬಹುದು. ಬಳ್ಳಿಯಲ್ಲಿ ಮಾತ್ರ ಅದೇ ಚಂದ! ಬಾಗಿಲ ಮೇಲೆ ಹಬ್ಬಿಸಿದರೆ ಹೂವೆಲ್ಲ ನಮ್ಮ ಕಡೆಗೇ ಬಾಗಿ ನೋಡುತ್ತವೆ.

ಇದಕ್ಕೆ ಕಾಟ ಬೂದಿ ರೋಗದ್ದು. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ಹಗಲು ಒಣ, ರಾತ್ರಿ ತಂಪು ಮತ್ತು ತೇವ. ಆ ರೋಗಕ್ಕೆ ಇಂಥ ಹವೆಯೇ ಇಷ್ಟ, ಎಲೆ ಒದ್ದೆಯಾಗಲೇಬೇಕು ಅಂತಿಲ್ಲ. ಎಳೆ ಚಿಗುರು ಮುದುಡಿಕೊಂಡು ಬಿಳಿ ಪುಡಿ ಚೆಲ್ಲಿದ ಹಾಗಾಗುತ್ತದೆ. ಗಾಳಿಯಾಡುವ ಕಡೆ ಇಟ್ಟು, ರೋಗ ಕಾಣಿಸುವ ಮುಂಚೆಯೇ ನೀರಿನಲ್ಲಿ ಬೆರೆಯುವ ಗಂಧಕ (ವೆಟ್ಟಬಲ್ ಸಲ್ಫರ್) ಸಿಂಪಡಿಸಿದರೆ ತಡೆಯಬಹುದು. ಸುಡುಬಿಸಿಲಲ್ಲಿ ಮಾತ್ರ ಗಂಧಕ ಬೇಡ, ಎಲೆ ಸುಡುತ್ತದೆ. ಇನ್ನೊಂದು ವಿಷಯ. ಪೊದೆಯಿಂದ ಹುಟ್ಟಿದ ಬಳ್ಳಿಯಾದ್ದರಿಂದ ಮೊದಲ ಒಂದೆರಡು ವರ್ಷ ಉದ್ದ ಕೊಂಬೆಗಳನ್ನು ಮೊಟಕು ಮಾಡಬಾರದು. ಮಾಡಿದರೆ ಕೆಲವೊಮ್ಮೆ ಮತ್ತೆ ಪೊದೆಯಾಗಿಬಿಡುತ್ತದೆ.

ಇಷ್ಟು ಪರಿಮಳದ ಗಿಡ ಮಲ್ಪೆಯಲ್ಲಿ ಏನಾಯಿತು ಅಂದರೆ, ಬೂದಿ ರೋಗ ಅಷ್ಟಾಗಿ ಬರಲಿಲ್ಲ, ಕಪ್ಪು ಚುಕ್ಕೆ ರೋಗ ಹಿಡಿಯಿತು. ಎಲೆ 7 ಗಂಟೆಯಷ್ಟು ಹೊತ್ತು ಒದ್ದೆಯಾಗಿಯೇ ಉಳಿದರೆ ಈ ರೋಗ ಅಂಟುತ್ತದೆ. ಕರಾವಳಿಯ ಆಷಾಢದಲ್ಲಿ ಎಲೆ ಒಣಗುವುದೇ ಯಾವಾಗ? ಆಗಸ್ಟ್ ಹೊತ್ತಿಗೆ ಬುಡದಿಂದ ಅರ್ಧದವರೆಗೆ ಬೋಳು. ಮಾರ್ಚ್ ಬಿಸಿಲಿಗೆ ಹೂವಿನ ಕೆಂಪು ನೇರಳೆಗೆ ತಿರುಗುವುದೂ ಅಲ್ಲಿ ಜಾಸ್ತಿ. ಗಿಡ ಸಾಯಲಿಲ್ಲ. ಆದರೆ ನೋಡಿದರೆ ಸಂಕಟ ಆಗುತ್ತಿತ್ತು.

ಅದೇ ಅಂಗಳದಲ್ಲಿ ಡಾನ್ ಜುವಾನ್ ಗಟ್ಟಿಯಾಗಿ ನಿಂತಿತು. ಇಟಲಿಯ ಮಿಕೆಲೆ ಮಲಾಂಡ್ರೋನೆ ಬೆಳೆಸಿದ ತಳಿ ಇದು, 1958ರಲ್ಲಿ ಹೊರಬಂತು. ಎಲೆ ದಪ್ಪ, ಕಡುಹಸಿರು, ಮಿರುಗುತ್ತದೆ. ಕಪ್ಪು ಚುಕ್ಕೆ ಇದಕ್ಕೂ ಬರುತ್ತದೆ, ಇಲ್ಲ ಅಂತ ಹೇಳಲಾರೆ. ಆದರೆ ಕೆಳಗಿನ ಕೆಲವು ಎಲೆ ಉದುರಿ ಅಲ್ಲಿಗೇ ನಿಲ್ಲುತ್ತದೆ. ಮಳೆ ಬಿಡುತ್ತಿದ್ದ ಹಾಗೆ ಹೊಸ ಚಿಗುರು ಹಾಕುತ್ತದೆ. ಹೂ ದೊಡ್ಡದು, ಕಡುಗೆಂಪು, ಬಿಸಿಲಿಗೆ ಬಣ್ಣ ಬೇಗ ಕೆಡುವುದಿಲ್ಲ. ಪರಿಮಳ ಚೆನ್ನಾಗಿದೆ, ಆದರೂ ಕ್ರಿಮ್ಸನ್ ಗ್ಲೋರಿಗೆ ಒಂದು ಮೆಟ್ಟಿಲು ಕೆಳಗೇ. ಹತ್ತಿರ ಹೋದರೆ ತುಂಬಿಕೊಳ್ಳುತ್ತದೆ, ದೂರದಿಂದ ಕರೆಯುವುದಿಲ್ಲ. ಒಂದು ಸರದಿ ಮುಗಿದ ಮೇಲೆ ಮತ್ತೆ ಹೂ ಬರುವುದೂ ಇದರಲ್ಲೇ ಬೇಗ. ಕ್ರಿಮ್ಸನ್ ಗ್ಲೋರಿ ಒಮ್ಮೆ ಮೈತುಂಬ ಬಿಟ್ಟು ಆಮೇಲೆ ಅಲ್ಲೊಂದು ಇಲ್ಲೊಂದು ಕೊಡುತ್ತದೆ.

ಚಿಕ್ಕ ಅಂಗಳಕ್ಕೆ ಡಾನ್ ಜುವಾನ್‌ನ ದೊಡ್ಡ ಲಾಭ ಅದರ ಅಳತೆ. 8ರಿಂದ 10 ಅಡಿಗೆ ನಿಲ್ಲುತ್ತದೆ, ಒಂದು ಕಂಬ ಸಾಕು. ಆದರೆ ಕೊಂಬೆ ಬಿರುಸು. ಬಲಿತ ಮೇಲೆ ಬಗ್ಗಿಸಲು ಹೋದರೆ ಲಟಕ್ಕನೆ ಮುರಿಯುತ್ತದೆ. ಎಳೆಯದಿರುವಾಗಲೇ ಕಂಬಕ್ಕೆ ಸುತ್ತು ಹಾಕಿ ಕಟ್ಟುತ್ತಾ ಬರಬೇಕು. ನೇರ ಬಿಟ್ಟ ಕೊಂಬೆ ತುದಿಯಲ್ಲಷ್ಟೇ ಹೂ ಕೊಡುತ್ತದೆ, ಯಾಕೆಂದರೆ ತುದಿಯ ಮೊಗ್ಗು ಕೆಳಗಿನ ಕಣ್ಣುಗಳನ್ನು ಏಳಲು ಬಿಡುವುದಿಲ್ಲ. ಅಡ್ಡಕ್ಕೆ ಬಾಗಿಸಿದರೆ ಕಣ್ಣು ಕಣ್ಣಿಗೂ ಚಿಗುರೊಡೆಯುತ್ತದೆ. ಮೂರು ತಳಿಗೂ ಈ ಮಾತು ಒಂದೇ. "ಬರೀ ಉದ್ದ ಹೋಗುತ್ತೆ, ಹೂ ಇಲ್ಲ" ಅಂತ ಹೇಳುವವರು ಮೊದಲು ಇದನ್ನು ಮಾಡಿ ನೋಡಬೇಕು.

ಕಂಬದ ವಿಷಯಕ್ಕೆ ಬಂದರೆ, ಕಡಲ ಬದಿಯಲ್ಲಿ ಬರೀ ಕಬ್ಬಿಣ ಬೇಡವೇ ಬೇಡ, ತುಕ್ಕು ತಿಂದುಹಾಕುತ್ತದೆ. ಅಕ್ಕನ ಮನೆಯಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿದ್ದೇವೆ. ಹಾಳಾದರೆ ಬದಲಿಸಿದರಾಯಿತು, ಅಲ್ಲಿ ಸಿಗುವುದೂ ಸುಲಭ. ಉಪ್ಪು ಗಾಳಿ ನೇರ ಬಡಿದರೆ ಎಲೆಯ ಅಂಚು ಕಂದಾಗಿ ಸುಡುತ್ತದೆ. ಅದಕ್ಕೆ ಪಶ್ಚಿಮಕ್ಕೆ ದಾಸವಾಳದ ಬೇಲಿ ಇದೆ. ಗಟ್ಟಿ ಗೋಡೆಗಿಂತ ಗಾಳಿಯನ್ನು ಸೋಸಿ ಬಿಡುವ ಬೇಲಿಯೇ ವಾಸಿ, ಗೋಡೆ ದಾಟಿದ ಗಾಳಿ ಸುಳಿಯಾಗಿ ಕೆಳಗಿಳಿಯುತ್ತದೆ. ಮಳೆ ಇಲ್ಲದ ತಿಂಗಳಲ್ಲಿ ಬೆಳಗ್ಗೆ ಸಿಹಿನೀರಿನಿಂದ ಎಲೆ ತೊಳೆದರೆ ಉಪ್ಪು ಹೋಗುತ್ತದೆ, ಸಂಜೆಯೊಳಗೆ ಎಲೆ ಒಣಗಿಯೂ ಇರುತ್ತದೆ. ಮರಳಿನಲ್ಲಿ ಗೊಬ್ಬರ ನಿಲ್ಲುವುದಿಲ್ಲ. ಸುಡುಮಣ್ಣು (ಸೊಪ್ಪು-ಕಸದ ಜೊತೆ ಸುಟ್ಟ ಮಣ್ಣು) ಮತ್ತು ಹಟ್ಟಿ ಗೊಬ್ಬರವನ್ನು ಸ್ವಲ್ಪ ಸ್ವಲ್ಪವೇ ಆಗಾಗ ಕೊಡಬೇಕು. ಜೂನ್‌ನಲ್ಲಿ ರಾಶಿ ಸುರಿದರೆ ಎಲ್ಲಾ ತೊಳೆದುಹೋಗುತ್ತದೆ.

ಮೂರನೆಯದು, ಗ್ರುಸ್ ಆನ್ ಟೆಪ್ಲಿಟ್ಸ್, 1897ರ ತಳಿ. ಗೆಶ್‌ವಿಂಡ್ ಎಂಬುವರು ಬೆಳೆಸಿದ್ದು. ಉತ್ತರ ಭಾರತ, ಪಾಕಿಸ್ತಾನದ ಕಡೆ ಇದು ಚೆನ್ನಾಗಿ ಬೇರೂರಿದೆ. ನಿಜ ಹೇಳಬೇಕೆಂದರೆ ಇದು ಪೂರ್ತಿ ಬಳ್ಳಿಯಲ್ಲ, ಉದ್ದುದ್ದ ಚಾಚುವ ಪೊದೆ. ಕಟ್ಟಿ ಬೆಳೆಸಿದರೆ ಆಳೆತ್ತರ ಹತ್ತುತ್ತದೆ. ಹೂ ಸಣ್ಣದು, ಸಡಿಲ, ಬೇಗ ಉದುರುತ್ತದೆ. ಹೂದಾನಿಗೆ ಪ್ರಯೋಜನ ಇಲ್ಲ. ಪರಿಮಳದಲ್ಲಿ ಮಸಾಲೆಯ ಸೊಗಡು ಇದೆ, ಅಕ್ಕನಿಗೆ ಇದೇ ಹೆಚ್ಚು ಇಷ್ಟ. ಎರಡೂ ಊರಲ್ಲಿ ಇದು ಹೂ ನಿಲ್ಲಿಸಿದ್ದು ಕಡಿಮೆ. ಆರೈಕೆಗೆ ಸಮಯ ಇಲ್ಲದವರಿಗೆ, ಬಾಲ್ಕನಿಯ ದೊಡ್ಡ ಕುಂಡದಲ್ಲಿ ಬೆಳೆಸುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಬೆಂಗಳೂರಿನವರು ಕೇಳಿದರೆ ನನ್ನ ಉತ್ತರ ಕ್ರಿಮ್ಸನ್ ಗ್ಲೋರಿ, ಬೆಳಗಿನ ಬಿಸಿಲು ಬೀಳುವ ಪೂರ್ವದ ಗೋಡೆಗೆ. ಚಳಿಗಾಲದ ಬೂದಿ ರೋಗ ನೋಡಿಕೊಳ್ಳುವಷ್ಟು ಪುರುಸೊತ್ತು ಇದ್ದರೆ ಅದರ ಪರಿಮಳಕ್ಕೆ ಸಾಟಿ ಇಲ್ಲ. ಕಡಲ ಬದಿಯವರಿಗೆ ಡಾನ್ ಜುವಾನ್, ಎರಡು ಮಾತಿಲ್ಲ. ಪರಿಮಳ ಒಂದು ಗುಲಗಂಜಿ ಕಡಿಮೆ ಇದ್ದರೂ ಎಲೆ ಉಳಿಯಬೇಕಲ್ವಾ? ಎಲೆ ಇಲ್ಲದ ಗಿಡ ಮುಂದಿನ ಸರದಿಯ ಹೂವನ್ನು ಎಲ್ಲಿಂದ ತರಬೇಕು?

ಕೊಳ್ಳುವಾಗ ಹೂ ಇರುವ ಗಿಡವನ್ನೇ ಆರಿಸಿ, ಬೆಳಗ್ಗೆಯೇ ಹೋಗಿ ಮೂಸಿ ನೋಡಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಹುಡುಕಬಹುದು, ತಳಿಯ ಹೆಸರು ಹೇಳಿ ಕೇಳಿ. ಕಸಿಯ ಗಂಟಿಗಿಂತ ಕೆಳಗೆ ಚಿಗುರು ಬಂದಿದ್ದರೆ ಆ ಗಿಡ ಬೇಡ. ಅದು ಬೇರಿನ ಕಾಡು ಗುಲಾಬಿಯ ಚಿಗುರು, ಮೇಲಿನ ತಳಿಯ ಊಟವನ್ನೆಲ್ಲ ಕಿತ್ತುಕೊಳ್ಳುತ್ತದೆ. ಕರಾವಳಿಗೆ ಒಯ್ಯುವುದಾದರೆ ಮಳೆ ಮುಗಿದ ಅಕ್ಟೋಬರ್‌ನಲ್ಲಿ ನೆಡಿ, ಮುಂದಿನ ಜೂನ್ ಬರುವಷ್ಟರಲ್ಲಿ ಬೇರು ಆಳಕ್ಕೆ ಹೋಗಿರುತ್ತದೆ.