ಪೈಟೆಸ್ಟ್‌ನ ಎಕ್ಸ್‌ಫೇಲ್: ಐದು ವರ್ಷ ಬಳಸಿದ ಮೇಲೆ

ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಅದರ ಪೈಥಾನ್ ಕೋಡನ್ನು ಪೈಟೆಸ್ಟ್ ಎಂಬ ಟೆಸ್ಟ್ ಓಡಿಸುವ ಉಪಕರಣದಿಂದ ಪರೀಕ್ಷಿಸುತ್ತೇವೆ. ಟೆಸ್ಟ್‌ಗಳಲ್ಲಿ ಕೆಲವು ಫೇಲ್ ಆಗುತ್ತವೆ ಅಂತ ಮೊದಲೇ ಗೊತ್ತಿರುತ್ತದೆ. ಬಗ್ ಇದೆ, ಸರಿಮಾಡಲು ಈಗ ಪುರುಸೊತ್ತಿಲ್ಲ. ಹಿಂದೆ ಅಂಥವನ್ನು ಕಮೆಂಟ್ ಮಾಡುತ್ತಿದ್ದೆವು, ಇಲ್ಲವೇ ಓಡಿಸದೆ ಬಿಡುವಂತೆ ಸ್ಕಿಪ್ ಹಾಕುತ್ತಿದ್ದೆವು. ಆಮೇಲೆ ಯಾರಿಗೂ ಅವುಗಳ ನೆನಪೇ ಇರುತ್ತಿರಲಿಲ್ಲ.

ಎಕ್ಸ್‌ಫೇಲ್ ಅಂದರೆ 'ಇದು ಫೇಲ್ ಆಗುತ್ತದೆ ಅಂತ ಗೊತ್ತು' ಅನ್ನುವ ಗುರುತು. ಅದನ್ನು ಹಾಕಿದರೆ ಟೆಸ್ಟ್ ಓಡುತ್ತದೆ, ಫೇಲ್ ಆಗುತ್ತದೆ, ಚಿಕ್ಕ ಎಕ್ಸ್ ಬೀಳುತ್ತದೆ. ಬಿಲ್ಡ್, ಅಂದರೆ ಎಲ್ಲ ಟೆಸ್ಟ್‌ಗಳ ಒಟ್ಟು ಫಲಿತಾಂಶ, ಮಾತ್ರ ಹಸಿರು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಸಾಲ ತೀರಿಲ್ಲ, ಆದರೆ ಬರೆದಿಟ್ಟಿದೆ.

ಆದರೆ ಸುಮ್ನೆ ಹಾಕಿ ಮರೆತರೆ ಇದೇ ಕೈಕೊಡುತ್ತದೆ. ನಮಗೆ ಆದದ್ದು ಹೇಳುತ್ತೇನೆ. ಬಿಲ್ಲಿನಲ್ಲಿ ಗಿರಾಕಿಯ ಹೆಸರನ್ನು ಒಂಬತ್ತು ಕ್ಯಾರೆಕ್ಟರ್‌ಗೆ ಕತ್ತರಿಸುವ ಕೋಡ್ ಇತ್ತು. 'ಕೃಷ್ಣಮೂರ್ತಿ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಪೈಥಾನ್ ಎಣಿಸಿದರೆ 11, ಯಾಕೆಂದರೆ ಒತ್ತಕ್ಷರ, ಹಲಂತ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಬಿಲ್ಲಿನ ಮೇಲೆ 'ಕೃಷ್ಣಮೂರ್' ಅಂತ ಅಚ್ಚಾಗುತ್ತಿತ್ತು. ಅದಕ್ಕೊಂದು ಟೆಸ್ಟ್ ಬರೆದು ಎಕ್ಸ್‌ಫೇಲ್ ಹಾಕಿದೆವು. ಆಮೇಲೆ ಯಾರೋ ಆ ಫಂಕ್ಷನ್ನಿನ ಹೆಸರು ಬದಲಿಸಿದರು. ಟೆಸ್ಟ್ ಹಳೇ ಹೆಸರು ಹುಡುಕಿ, ಸಿಗದೆ ಆಟ್ರಿಬ್ಯೂಟ್ ಎರರ್ ಕೊಟ್ಟು ನಿಲ್ಲುತ್ತಿತ್ತು. ಅದೂ ಫೇಲೇ ಅಲ್ವಾ? ಅದೇ ಚಿಕ್ಕ ಎಕ್ಸ್. ಏಳು ತಿಂಗಳು ಕೃಷ್ಣಮೂರ್ತಿಯವರನ್ನು ಯಾರೂ ವಿಚಾರಿಸಲೇ ಇಲ್ಲ. ಈಗ ಪ್ರತಿಯೊಂದಕ್ಕೂ ರೇಸಸ್ (raises) ಅನ್ನುವ ಆಯ್ಕೆ ಕೊಟ್ಟು, ಅಸರ್ಷನ್ ಎರರ್, ಅಂದರೆ ಟೆಸ್ಟ್ ಪರೀಕ್ಷಿಸುವ ಮಾತೇ ಸುಳ್ಳಾದಾಗ ಬರುವ ಎರರ್, ಬಂದರೆ ಮಾತ್ರ ಒಪ್ಪು ಅಂತ ಹೇಳುತ್ತೇವೆ. ಬೇರೆ ಎರರ್ ಬಂದರೆ ಟೆಸ್ಟ್ ನಿಜವಾಗಿ ಫೇಲ್ ಆಗುತ್ತದೆ.

ಇನ್ನೊಂದು ತಕರಾರು ಸ್ಟ್ರಿಕ್ಟ್ ಬಗ್ಗೆ, ಅಂದರೆ ಗುರುತು ಹಾಕಿದ ಟೆಸ್ಟ್ ಪಾಸಾದರೆ ಬಿಲ್ಡನ್ನೇ ಕೆಂಪು ಮಾಡುವ ಸೆಟ್ಟಿಂಗ್. ಅದು ಮೊದಲಿಗೆ ಆಫ್ ಇರುತ್ತದೆ. ಆಗ ಫೇಲ್ ಆಗಬೇಕಿದ್ದ ಟೆಸ್ಟ್ ಪಾಸಾದರೆ ದೊಡ್ಡ ಎಕ್ಸ್ ಬರುತ್ತದೆ, ಅಷ್ಟೇ. ಬಿಲ್ಡ್ ನಿಲ್ಲುವುದಿಲ್ಲ. ನಮ್ಮಲ್ಲಿ ಒಂದು ದಿನಾಂಕದ ಬಗ್ ತಾನಾಗಿ ಸರಿಹೋಯಿತು, ಯಾರೂ ಗಮನಿಸಲಿಲ್ಲ, ಗುರುತು ಹಾಗೇ ಉಳಿಯಿತು. ಎರಡು ತಿಂಗಳಿಗೆ ಬಗ್ ವಾಪಸ್ ಬಂತು. ಮತ್ತೆ ಚಿಕ್ಕ ಎಕ್ಸ್, ಮತ್ತೆ ಹಸಿರು! ಆ ದಿನವೇ ಪೈಟೆಸ್ಟ್‌ನ ಸೆಟ್ಟಿಂಗ್‌ಗಳಿರುವ ಐಎನ್ಐ ಫೈಲಿನಲ್ಲಿ ಎಕ್ಸ್‌ಫೇಲ್ ಸ್ಟ್ರಿಕ್ಟ್ ಆನ್ ಮಾಡಿದೆ. ಇದು ಮೊದಲಿಂದಲೇ ಆನ್ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನನ್ನ ರೇಟಿಂಗ್‌ನಲ್ಲಿ ಅರ್ಧ ಸ್ಟಾರ್ ಅದಕ್ಕೇ ಕಡಿಮೆ.

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳಿಗೆ ಇದನ್ನು ಹಚ್ಚಬೇಡಿ. ನಾವು ಹಚ್ಚಿ ನೋಡಿದ್ದೇವೆ, ಸ್ಟ್ರಿಕ್ಟ್ ಜೊತೆ ದಿನಾ ಜಗಳ. ಟೆಸ್ಟ್ ಒಳಗಿಂದಲೇ ಎಕ್ಸ್‌ಫೇಲ್ ಕರೆಯುವ ದಾರಿಯೂ ನನಗೆ ಇಷ್ಟವಿಲ್ಲ. ಕರೆದ ಸಾಲಿಗೇ ಟೆಸ್ಟ್ ನಿಲ್ಲುತ್ತದೆ, ಮುಂದಿನದು ಓಡುವುದೇ ಇಲ್ಲ. ಇಷ್ಟವಾದದ್ದು ರನ್‌ಎಕ್ಸ್‌ಫೇಲ್ ಆಯ್ಕೆ. ಗುರುತುಗಳನ್ನೆಲ್ಲ ಲೆಕ್ಕಕ್ಕಿಡದೆ ಟೆಸ್ಟ್ ಓಡಿಸುತ್ತದೆ. ತಿಂಗಳಿಗೊಮ್ಮೆ ಇದನ್ನು ಓಡಿಸಿ, ಚಹಾ ಕುಡಿಯುತ್ತಾ ಕೆಂಪು ಸಾಲುಗಳನ್ನು ಓದುತ್ತೇವೆ.

ಕಳೆದ ತಿಂಗಳು ಹೊಸ ಹುಡುಗಿಯೊಬ್ಬಳು ಹೆಸರು ಕತ್ತರಿಸುವ ಕೋಡನ್ನು ಸರಿಮಾಡಿದಳು. ಟೆಸ್ಟ್ ಪಾಸಾಯಿತು, ಬಿಲ್ಡ್ ಕೆಂಪಾಯಿತು. "ಸರ್, ಸರಿಮಾಡಿದ್ದಕ್ಕೆ ಬೈಯುತ್ತಿದೆಯಲ್ಲ" ಅಂದಳು. ಗುರುತು ತೆಗೆ ಅಂದೆ.