ಕಾಲು ಬಡಿತಕ್ಕೆ ನಾಲ್ಕು ಅಭ್ಯಾಸಗಳು: ಹಲಗೆ, ಫಿನ್ಸ್, ಆಳದ ತುದಿ, ಪಕ್ಕದ ಮಗ್ಗುಲು

ನಾನು ಈಜು ಕಲಿತದ್ದು ಗುಬ್ಬಿ ಕಡೆಯ ನಮ್ಮ ದೊಡ್ಡಪ್ಪನವರ ತೋಟದ ತೆರೆದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಬಾವಿಯಲ್ಲಿ ಕಾಲಿಗಿರುವ ಕೆಲಸ ಒಂದೇ, ಮುಳುಗದಂತೆ ನೋಡಿಕೊಳ್ಳುವುದು; ಅದಕ್ಕೆ ಸೈಕಲ್ ತುಳಿದಂತೆ ಮಂಡಿ ಮಡಚಿ ನೀರನ್ನು ತುಳಿದರೆ ಸಾಕಾಗುತ್ತದೆ. ಆ ಅಭ್ಯಾಸವನ್ನೇ ನಲವತ್ತೊಂದನೆಯ ವಯಸ್ಸಿನಲ್ಲಿ ತುಮಕೂರಿನ 25 ಮೀಟರ್ ಕೊಳಕ್ಕೆ ತಂದಾಗ 100 ಮೀಟರ್ ಫ್ರೀಸ್ಟೈಲ್‌ಗೆ 1 ನಿಮಿಷ 58 ಸೆಕೆಂಡು ಹಿಡಿಯಿತು. ಕೈಗಳನ್ನು ಮುಂದೆ ಚಾಚಿ ಬರಿಯ ಕಾಲಿನಿಂದ ಕೊಳದ ಒಂದು ಉದ್ದ ಹೋಗಲು 58 ಸೆಕೆಂಡು ಬೇಕಾಯಿತು, ಅದೂ ನಡುವೆ ಒಂದೆರಡು ಕಡೆ ನಿಂತಲ್ಲೇ ನಿಂತಂತಾಗಿ. ತರಬೇತಿ ಕೊಡುತ್ತಿದ್ದವರು ದಡದಿಂದ ಹೇಳುತ್ತಿದ್ದುದು ಒಂದೇ ಮಾತು: ‘ಇನ್ನೂ ಜೋರಾಗಿ ಬಡೀರಿ ಸಾರ್.’ ಜೋರಾಗಿ ಬಡಿದಷ್ಟೂ ಏದುಸಿರು ಹೆಚ್ಚಿತೇ ಹೊರತು ಗಡಿಯಾರದ ಮುಳ್ಳು ನನ್ನ ಕಡೆಗೆ ವಾಲಲಿಲ್ಲ.

ಆದ್ದರಿಂದ ಜನವರಿ ಕೊನೆಯಿಂದ, ಬೇಸಿಗೆ ಶಿಬಿರದ ಮಕ್ಕಳು ಬಂದು ಕೊಳ ತುಂಬಿಕೊಳ್ಳುವುದರೊಳಗೆ, ವಾರಕ್ಕೆ ಮೂರು ಬೆಳಗಿನಂತೆ ನಾಲ್ಕು ವಿಧಾನಗಳನ್ನು ತಲಾ ಮೂರು ವಾರ ಮಾಡಿ ನೋಡಿದೆ. ಪ್ರತಿ ವಿಧಾನದ ಕೊನೆಯ ದಿನ ಅದೇ ಎರಡು ಅಳತೆಗಳನ್ನು ತೆಗೆದುಕೊಂಡೆ. ಒಂದರ ಬೆನ್ನಿಗೆ ಇನ್ನೊಂದನ್ನು ಮಾಡಿದ್ದರಿಂದ ಮೊದಲಿನದರ ಲಾಭ ಮುಂದಿನದರ ಲೆಕ್ಕಕ್ಕೂ ಸ್ವಲ್ಪ ಸೇರಿರುತ್ತದೆ. ಓದುವವರು ಅಂಕಿಗಳನ್ನು ಆ ರಿಯಾಯಿತಿಯೊಡನೆಯೇ ನೋಡಬೇಕು.

ಮೊದಲನೆಯದು ಬಹಳಷ್ಟು ಕೊಳಗಳಲ್ಲಿ ಪುಕ್ಕಟೆಯಾಗಿ ಸಿಗುವ ಕಿಕ್‌ಬೋರ್ಡ್, ಅಂದರೆ ಕೈಯಲ್ಲಿ ಹಿಡಿದುಕೊಳ್ಳುವ ತೇಲುವ ಹಲಗೆ. ಹಲಗೆಯ ಮೇಲೆ ಮೊಣಕೈಯೂರಿ ತಲೆಯೆತ್ತಿ ಹೊರಟರೆ ಉಸಿರಾಟದ ಚಿಂತೆಯಿಲ್ಲ, ಪಕ್ಕದ ಲೇನಿನವರೊಡನೆ ಮಾತನಾಡಲೂ ಅಡ್ಡಿಯಿಲ್ಲ. ಅದರ ದೋಷವೂ ಅಲ್ಲಿಯೇ ಇದೆ. ತಲೆ ಮೇಲೆದ್ದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ತೊಡೆಗಳು ನೀರಿಗೆ ಅಡ್ಡ ನಿಲ್ಲುತ್ತವೆ, ಹಾಗೆ ಅಡ್ಡ ನಿಂತ ತೊಡೆಯನ್ನು ತಳ್ಳಿಕೊಂಡು ಹೋಗುವುದಕ್ಕೆ ಕಾಲಿನ ಅರ್ಧ ಶಕ್ತಿ ವ್ಯಯವಾಗುತ್ತದೆ. ಎರಡನೆಯ ವಾರದಿಂದ ಹಲಗೆಯ ಹಿಂದಿನ ಅಂಚನ್ನಷ್ಟೇ ಹಿಡಿದು, ಮುಖವನ್ನು ನೀರಿಗಿಟ್ಟು, ಉಸಿರಿಗೆ ಮಾತ್ರ ತಲೆಯೆತ್ತುವಂತೆ ಬದಲಾಯಿಸಿಕೊಂಡ ಮೇಲೆ ಕುತ್ತಿಗೆ ನೋವು ಹೋಯಿತು. ಮೂರು ವಾರಗಳ ಕೊನೆಗೆ ಬರಿಗಾಲಿನ ಉದ್ದ 54 ಸೆಕೆಂಡಿಗೂ 100 ಮೀಟರ್ 1 ನಿಮಿಷ 57ಕ್ಕೂ ಬಂದವು. ತೊಡೆಗೆ ತ್ರಾಣ ಬಂದದ್ದು ನಿಜ, ಆದರೆ ಮಂಡಿಯಿಂದ ತುಳಿಯುವ ಬಾವಿಯ ಚಟವನ್ನು ಹಲಗೆ ಒಂದು ದಿನವೂ ನನಗೆ ತೋರಿಸಿಕೊಡಲಿಲ್ಲ. ತಪ್ಪು ಬಡಿತವನ್ನೇ ಗಟ್ಟಿ ಮಾಡಿಕೊಳ್ಳಲು ಇದಕ್ಕಿಂತ ಅನುಕೂಲವಾದ ಸಾಧನ ಇನ್ನೊಂದಿಲ್ಲವೆಂದು ಈಗ ಅನ್ನಿಸುತ್ತದೆ.

ಎರಡನೆಯದು ಗಿಡ್ಡ ಫಿನ್ಸ್, ಅಂದರೆ ಪಾದಕ್ಕೆ ತೊಡುವ, ಮೀನಿನ ಈಜುರೆಕ್ಕೆಯಂಥ ಸಾಧನ. ಉದ್ದನೆಯವು ಬಡಿತದ ಲಯವನ್ನೇ ನಿಧಾನ ಮಾಡುತ್ತವೆ, ಗಿಡ್ಡವು ಸಹಜ ವೇಗದ ಹತ್ತಿರಕ್ಕೆ ಬಡಿಯಲು ಬಿಡುತ್ತವೆ ಎಂಬ ಕಾರಣಕ್ಕೆ 1,700 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದೆ. ಮೊದಲ ಬೆಳಿಗ್ಗೆಯೇ ಹಿಮ್ಮಡಿಯ ಚರ್ಮ ಕಿತ್ತುಬಂತು. ಕಾಲುಚೀಲದ ತುದಿ ಕತ್ತರಿಸಿ ಒಳಗೆ ಹಾಕಿಕೊಂಡ ಮೇಲೆ ಆ ಕಾಟ ತಪ್ಪಿತು. ಮೀನಖಂಡ ಹಿಡಿದುಕೊಂಡು ಕೊಳದ ನಡುವೆ ಹಗ್ಗಕ್ಕೆ ಜೋತುಬಿದ್ದ ಸಂದರ್ಭಗಳೂ ಉಂಟು. ಆದರೂ ಫಿನ್ಸ್ ಒಂದು ಉಪಕಾರ ಮಾಡಿತು. ಅದರ ಬೀಸಣಿಗೆಯಗಲದ ತುದಿ ನೀರಿನ ಒತ್ತಡಕ್ಕೆ ಸಿಕ್ಕಿ ಪಾದವನ್ನು ಹಿಂದಕ್ಕೆ ಎಳೆದಾಗಲೇ, ನನ್ನ ಪಾದಗಳು ಅದುವರೆಗೆ ಹಿಂದಕ್ಕೆ ಚಾಚಿಯೇ ಇರಲಿಲ್ಲವೆಂದು ತಿಳಿದದ್ದು.

ಇಲ್ಲಿ ಸ್ವಲ್ಪ ನಿಂತು ಪಾದದ ಕೀಲಿನ ಬಗ್ಗೆ ಹೇಳಬೇಕು. ಕಾಲು ಕೆಳಗೆ ಬೀಸುವಾಗ ಪಾದದ ಮೇಲ್ಭಾಗ ನೀರನ್ನು ಹಿಂದಕ್ಕೆ ತಳ್ಳಬೇಕಾದರೆ ಬೆರಳುಗಳು ಹಿಂದಕ್ಕೆ ಚಾಚಿ ಪಾದ ಸಡಿಲವಾಗಿರಬೇಕು. ಕೀಲು ಬಿಗಿಯಾಗಿದ್ದರೆ ಪಾದ ಕೊಕ್ಕೆಯಂತೆ ಕೆಳಮುಖವಾಗಿ ನಿಂತು ನೀರನ್ನು ಕೆಳಕ್ಕೋ ಮುಂದಕ್ಕೋ ತಳ್ಳುತ್ತದೆ. ವರ್ಷಗಟ್ಟಲೆ ಓಡಿದವರು ಹಲಗೆ ಹಿಡಿದು ನಿಂತಲ್ಲೇ ನಿಲ್ಲುವುದು, ಕೆಲವೊಮ್ಮೆ ಹಿಂದಕ್ಕೇ ಸರಿಯುವುದು ಇದರಿಂದಲೇ. ಭಾನುವಾರಗಳಂದು ದೇವರಾಯನದುರ್ಗದ ಏರು ರಸ್ತೆಯಲ್ಲಿ ಓಡಿ ಗಟ್ಟಿಯಾಗಿದ್ದ ನನ್ನ ಕೀಲುಗಳೂ ಆ ಜಾತಿಯವೇ. ಕುಕ್ಕರಗಾಲಿನಲ್ಲಿ ಕೂರುವ ಅಭ್ಯಾಸವಿದೆಯಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೆ. ಆದರೆ ಕುಕ್ಕರಗಾಲು ಪಾದವನ್ನು ಮೊಣಕಾಲಿನ ಕಡೆಗೆ ಮಡಿಸುತ್ತದೆ, ಈಜಿಗೆ ಬೇಕಾದದ್ದು ಅದರ ವಿರುದ್ಧ ದಿಕ್ಕು. ಅದನ್ನು ಕೊಡುವುದು ವಜ್ರಾಸನ. ಹಿಮ್ಮಡಿಗಳ ಮೇಲೆ ಕುಳಿತು ಪಾದದ ಮೇಲ್ಭಾಗವನ್ನು ನೆಲಕ್ಕೆ ಒರಗಿಸಿದಾಗ ಮೊದಲ ದಿನ ನನ್ನ ಪಾದಕ್ಕೂ ನೆಲಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಸಂದಿಯಿತ್ತು, ಒಂದೇ ನಿಮಿಷಕ್ಕೆ ಉರಿ ಬಂದಿತ್ತು. ಫಿನ್ಸಿನ ಎರಡನೆಯ ವಾರದಿಂದ ರಾತ್ರಿ ಊಟವಾದ ಮೇಲೆ ಟಿವಿ ಮುಂದೆ ಐದೈದು ನಿಮಿಷ ಹೀಗೆ ಕೂರತೊಡಗಿದೆ. ಮಂಡಿನೋವಿರುವವರು ಇದನ್ನು ಹಟದಿಂದ ಮಾಡಬಾರದು. ಫಿನ್ಸಿನ ಮೂರು ವಾರಗಳಾದ ಮೇಲೆ ಅದನ್ನು ಕಳಚಿ ಅಳೆದಾಗ 49 ಸೆಕೆಂಡು, 100 ಮೀಟರ್ 1 ನಿಮಿಷ 54. ಇದರಲ್ಲಿ ಫಿನ್ಸಿನ ಪಾಲೆಷ್ಟು, ವಜ್ರಾಸನದ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಫಿನ್ಸ್ ಕಳಚಿದ ಕೂಡಲೇ ಕಾಲು ಮತ್ತೆ ಸೈಕಲ್ ತುಳಿಯಲು ಹೊರಡುತ್ತಿದ್ದುದನ್ನು ನೋಡಿದರೆ ಆಸನಕ್ಕೇ ಹೆಚ್ಚು ಪಾಲು ಸಲ್ಲಬೇಕು.

ಮೂರನೆಯದು ನೋಡುವವರಿಗೆ ನಗೆಪಾಟಲು: ಕೊಳದ ಆಳದ ತುದಿಯಲ್ಲಿ ನೆಟ್ಟಗೆ ನಿಂತ ಭಂಗಿಯಲ್ಲಿ, ಕಾಲು ನೆಲಕ್ಕೆ ತಾಗದಂತೆ, ಬಡಿತ ಒಂದರಿಂದಲೇ ಮೂಗನ್ನು ನೀರಿನ ಮೇಲೆ ಉಳಿಸಿಕೊಳ್ಳುವುದು. ಮೊದಲು ಕೈಗಳಿಂದ ನೀರು ಸವರುತ್ತಾ, ಆಮೇಲೆ ಕೈಗಳನ್ನು ಎದೆಗೆ ಕಟ್ಟಿಕೊಂಡು, ಕೊನೆಗೆ ಮುಂಗೈಗಳನ್ನು ನೀರಿನಿಂದ ಹೊರಗೆತ್ತಿ ಮಾಡಬೇಕು. ಇಪ್ಪತ್ತು ಸೆಕೆಂಡು ಬಡಿತ, ಇಪ್ಪತ್ತು ಸೆಕೆಂಡು ಗೋಡೆ ಹಿಡಿದು ವಿಶ್ರಾಂತಿ, ಹೀಗೆ ಎಂಟು ಸಲ. ಕೊಳದ ಕಾವಲಿನವನು ಮೊದಲ ದಿನ ನಾನು ಮುಳುಗುತ್ತಿದ್ದೇನೆಂದು ಬಿದಿರಿನ ಗಳ ಹಿಡಿದುಕೊಂಡು ಓಡಿಬಂದಿದ್ದ.

ಬಾವಿಯ ಚಟ ಬಯಲಾದದ್ದು ಇಲ್ಲಿ. ಮಂಡಿ ಮಡಚಿ ತುಳಿದರೆ ಈ ಭಂಗಿಯಲ್ಲಿ ದೇಹ ತಕ್ಷಣ ಗಲ್ಲದವರೆಗೆ ಇಳಿಯುತ್ತದೆ. ಮುಂದಕ್ಕೆ ಬೀಸುವ ಒದೆತವೇ ಬಲವಾಗಿ, ಹಿಂದಕ್ಕೆ ಎಳೆಯುವುದು ಸಪ್ಪೆಯಾಗಿದ್ದರೆ ನಿಂತ ಜಾಗದಿಂದ ಬೆನ್ನಿನ ಕಡೆಗೆ ತೇಲಿಹೋಗುತ್ತೇವೆ. ಮೊದಲ ವಾರ ಪ್ರತಿ ಸುತ್ತಿನಲ್ಲೂ ನನ್ನ ಬೆನ್ನು ಗೋಡೆಗೆ ಬಡಿಯುತ್ತಿತ್ತು. ತೊಡೆಯ ಹಿಂಭಾಗದಿಂದಲೂ ಪೃಷ್ಠದಿಂದಲೂ ಕಾಲನ್ನು ಹಿಂದಕ್ಕೆಳೆಯಲು ಕಲಿತು, ಬಡಿತದ ಅಗಲವನ್ನು ಒಂದು ಮೊಳಕ್ಕಿಂತ ಕಡಿಮೆ ಮಾಡಿ, ವೇಗವನ್ನು ಹೆಚ್ಚಿಸಿದಾಗ ದೇಹ ಒಂದೇ ಕಡೆ ನಿಂತಿತು. ನನ್ನ ಕಾಲಿಗೆ ಬಲ ಸಾಲದೆಂದು ಎಲ್ಲರೂ ಹೇಳುತ್ತಿದ್ದರು. ನಿಜಕ್ಕೂ ಆಗಬೇಕಾಗಿದ್ದುದು ಬಡಿತವನ್ನು ಚಿಕ್ಕದು ಮಾಡುವುದು. ಅಗಲವಾಗಿ ಬೀಸಿದ ಕಾಲು ದೇಹದ ನೆರಳಿನಿಂದ ಹೊರಬಂದು ನೀರಿಗೆ ತಡೆಯಾಗುತ್ತಿತ್ತು. ಮೂರು ವಾರಕ್ಕೆ ಬರಿಗಾಲಿನ ಉದ್ದ 41 ಸೆಕೆಂಡು, 100 ಮೀಟರ್ 1 ನಿಮಿಷ 49. ಆಳವಿಲ್ಲದ ಕೊಳದಲ್ಲಿ ಮಾತ್ರ ಇದನ್ನು ಮಾಡಲಾಗದು, ನೀರಿನ ಭಯ ಇನ್ನೂ ಬಿಡದವರಿಗೂ ಇದು ಸಲ್ಲದು.

ನಾಲ್ಕನೆಯದು ಪಕ್ಕದ ಮಗ್ಗುಲಾಗಿ, ಕೆಳಗಿನ ಕೈಯನ್ನು ಮುಂದೆ ಚಾಚಿ, ಆರು ಬಡಿತ ಎಣಿಸಿ ಇನ್ನೊಂದು ಮಗ್ಗುಲಿಗೆ ಹೊರಳುವುದು. ಫ್ರೀಸ್ಟೈಲ್‌ನಲ್ಲಿ ದೇಹ ಹಲಗೆಯಂತೆ ಚಪ್ಪಟೆಯಾಗಿ ಇರುವುದೇ ಇಲ್ಲ, ಪ್ರತಿ ಕೈಗೂ ಹೊರಳುತ್ತದೆ. ಹೊರಳುವಾಗಲೂ ಬಡಿತ ತಪ್ಪದಿರಲಿ ಎಂಬುದು ಇದರ ಉದ್ದೇಶ. ಎರಡು ಕೈ ಹಾಕುವುದರೊಳಗೆ ಆರು ಬಡಿತ ಎಂಬ ಲೆಕ್ಕ ಕಡಿಮೆ ದೂರದ ಈಜಿನ ಜೀವಾಳ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದ ಹವಾಯಿಯ ಡ್ಯೂಕ್ ಕಹಾನಮೋಕು ಹೆಸರಾದದ್ದೂ ಕಾಲಿನ ಬಡಿತಕ್ಕೆ. 800, 1,500 ಮೀಟರ್ ಈಜುವವರಲ್ಲಿ ಅನೇಕರು ಎರಡೇ ಬಡಿತಕ್ಕೆ ಇಳಿಯುತ್ತಾರೆ, ಏಕೆಂದರೆ ತೊಡೆಯ ದೊಡ್ಡ ಸ್ನಾಯುಗಳು ಉಸಿರನ್ನು ಬೇಗ ಖರ್ಚು ಮಾಡಿಬಿಡುತ್ತವೆ. ನನಗೆ ಬರಿಗಾಲಿನಲ್ಲಿ ಸಿಕ್ಕ ಲಾಭ ಎರಡೇ ಸೆಕೆಂಡು, 39; ಆದರೆ 100 ಮೀಟರ್ 1 ನಿಮಿಷ 46ಕ್ಕೆ ಇಳಿಯಿತು. ಆಳದ ತುದಿಯಲ್ಲಿ ಗಳಿಸಿದ್ದನ್ನು ಪೂರ್ತಿ ಈಜಿಗೆ ಹೊಂದಿಸಿಕೊಟ್ಟದ್ದು ಇದು, ಹೊಸದಾಗಿ ಗಳಿಸಿಕೊಟ್ಟದ್ದಲ್ಲ; ಆದ್ದರಿಂದ ಇದನ್ನೇ ಮೊದಲು ಹಿಡಿದಿದ್ದರೆ ಇಷ್ಟು ಫಲ ಸಿಗುತ್ತಿತ್ತೆಂದು ನಾನು ನಂಬುವುದಿಲ್ಲ.

ಈಗ ವಾರದ ಮೂರು ಬೆಳಗಿನಲ್ಲಿ ಎರಡು ದಿನ ಆಳದ ತುದಿಯಲ್ಲಿ ಎಂಟು ಸುತ್ತು, ಅದರ ಹಿಂದೆಯೇ ಮಗ್ಗುಲಿನ ನಾಲ್ಕು ಉದ್ದ ಇಟ್ಟುಕೊಂಡಿದ್ದೇನೆ. ಫಿನ್ಸ್ ಹದಿನೈದು ದಿನಕ್ಕೊಮ್ಮೆ ಚೀಲದಿಂದ ಹೊರಬರುತ್ತದೆ, ಹಲಗೆಯನ್ನು ಮುಟ್ಟಿ ತಿಂಗಳಾಯಿತು. ಬಲ ಮಗ್ಗುಲಿನಲ್ಲಿ ಆರು ಬಡಿತವೂ ಸಲೀಸಾಗಿ ಬರುತ್ತವೆ. ಎಡಕ್ಕೆ ಹೊರಳಿದಾಗ ಮಾತ್ರ ನಾಲ್ಕನೆಯ ಬಡಿತಕ್ಕೆ ಮಂಡಿ ಈಗಲೂ ಬಾವಿಯನ್ನು ನೆನೆದು ಮಡಚಿಕೊಳ್ಳುತ್ತದೆ.